ಧಾರಣಕಾರಿಗಳು (ಕಾಗದ ತಯಾರಿಕೆ)

ಕಾಗದಯಂತ್ರದ ಜಾಲರಿಯಿಂದ ನೀರಿನೊಂದಿಗೆ ಸೋರಿಹೋಗುವ ಸಣ್ಣ ನಾರುಚೂರುಗಳನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್, ಚೀನೀಜೇಡಿಯಂಥ ಭರ್ತಿಪುಡಿಗಳನ್ನೂ ಹಾಳೆಯಲ್ಲೇ ಹಿಡಿದಿಡುವ ರಾಸಾಯನಿಕಗಳು. ಪುಡಿಯ ಕಣ ಒಂದೆರಡು ಮೈಕ್ರಾನ್ ಮಾತ್ರ. ಜಾಲರಿಯ ಕಣ್ಣು ಅದಕ್ಕಿಂತ ಎಷ್ಟೋ ದೊಡ್ಡದು. ಬರಿಯ ಸೋಸುವಿಕೆಗೆ ಪುಡಿ ನಿಲ್ಲದು. ನಾರೂ ಪುಡಿಯೂ ಸಾಮಾನ್ಯವಾಗಿ ಋಣ ವಿದ್ಯುದಾವೇಶ ಹೊತ್ತು ಪರಸ್ಪರ ದೂರ ಸರಿಯುತ್ತವೆ. ಆಮ್ಲೀಯ ತಿರುಳಿನಲ್ಲಿ ಆಲಂ ಈ ಆವೇಶವನ್ನು ತಗ್ಗಿಸುತ್ತದೆ. ಧನಾವೇಶದ ಪಾಲಿಅಕ್ರಿಲಮೈಡಿನ ಉದ್ದನೆಯ ಸರಪಳಿಗಳು ಕಣದಿಂದ ಕಣಕ್ಕೆ ಸೇತುವೆ ಕಟ್ಟಿ ಅವನ್ನು ಗಂಟುಗಳಾಗಿಸುತ್ತವೆ. ಟನ್ ಕಾಗದಕ್ಕೆ ಕೆಲವು ನೂರು ಗ್ರಾಂ ಸಾಕು. ಪಂಪು, ಜರಡಿಗಳ ರಭಸಕ್ಕೆ ಈ ಗಂಟುಗಳು ಒಡೆಯುವುದೇ ದೊಡ್ಡ ತೊಡಕು. 1980ರ ದಶಕದಲ್ಲಿ ಬಳಕೆಗೆ ಬಂದ ಸೂಕ್ಷ್ಮಕಣ ಪದ್ಧತಿ ಇದಕ್ಕೆ ಸೊಗಸಾದ ಪರಿಹಾರ: ಒಡೆದ ಗಂಟುಗಳನ್ನು ಬೆಂಟೊನೈಟ್ ಅಥವಾ ಕೊಲಾಯ್ಡಲ್ ಸಿಲಿಕಾ ಮತ್ತೆ ಸಣ್ಣದಾಗಿ, ಬಿಗಿಯಾಗಿ ಬೆಸೆಯುತ್ತದೆ, ನೀರೂ ಬೇಗ ಬಸಿಯುತ್ತದೆ. ಧಾರಣಕಾರಿಯ ಪ್ರಮಾಣ ಮೀರಿದರೆ ಬೆಳಕಿಗೆ ಹಿಡಿದ ಹಾಳೆ ಮೋಡಮೋಡವಾಗಿ ಕಾಣುತ್ತದೆ, ಮುದ್ರಣವೂ ಕೆಡುತ್ತದೆ.