ನೀರಿನಡಿಯವರ ನೆನಪುಗಳು

ಚೌಡಾಪುರದವರಾದ ನಮಗೆ ದೊಡ್ಡ ನೀರೆಂದರೆ ಗಾಣಗಾಪುರದ ಹತ್ತಿರ ಹರಿಯುವ ಭೀಮೆ. ಆದರೂ ಜಲಾಂತರ್ಗಾಮಿ ಯೋಧರ ಆತ್ಮಕಥನ ಸಿಕ್ಕರೆ ನಾನು ಬಿಡುವುದಿಲ್ಲ. 1969ರಲ್ಲಿ ಬಂದ, ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ಅಧಿಕಾರಿ ಹರ್ಬರ್ಟ್ ವರ್ನರ್‌ನ ‘ಐರನ್ ಕಾಫಿನ್ಸ್’ ಅಂಥದ್ದು. ನೀರಿನಡಿಯಲ್ಲಿ ಶತ್ರು ಕಾಣುವುದಿಲ್ಲ, ಕೇಳಿಸುತ್ತಾನೆ: ಮೇಲೆ ಹಡಗಿನ ಸದ್ದು, ಆಮೇಲೆ ಸ್ಫೋಟ. ಡೀಸೆಲ್ ವಾಸನೆ, ಕೆಟ್ಟ ಗಾಳಿ, ಉಸಿರು ಬಿಗಿಹಿಡಿದ ಕಾಯುವಿಕೆ. ಓದುಗನನ್ನು ಹಿಡಿದು ಕೂರಿಸುವುದು ಅದೇ. ಆ ಯುದ್ಧದಲ್ಲಿ ಜರ್ಮನಿಯ ಸುಮಾರು 40,000 ಯು-ಬೋಟ್ (ಜಲಾಂತರ್ಗಾಮಿ) ನಾವಿಕರಲ್ಲಿ 30,000ದಷ್ಟು ಮಂದಿ ಮರಳಲಿಲ್ಲ. 1943ರ ಮೇ ತಿಂಗಳೊಂದರಲ್ಲೇ 40ಕ್ಕೂ ಹೆಚ್ಚು ಬೋಟುಗಳು ಹೋದವು.

ಆದರೆ ಈ ಯು-ಬೋಟುಗಳ ಟಾರ್ಪಿಡೊಗಳಿಗೆ ಬಲಿಯಾದ ಬ್ರಿಟಿಷ್ ಸರಕು ಹಡಗುಗಳಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದ ಭಾರತೀಯ ನಾವಿಕರಾದ ಲಸ್ಕರರೂ ಇದ್ದರು. ಅವರು ಬರೆದಿಟ್ಟದ್ದು ತೀರ ಕಡಿಮೆ. ನಮ್ಮದೇ ಯುದ್ಧದಲ್ಲೂ ಇಂಥ ಕಥೆಯಿದೆ: 1971ರ ಡಿಸೆಂಬರ್ 9ರಂದು ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿತು. ಅದರ ನಾಯಕ ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ಅದರಲ್ಲಿ ಬದುಕುಳಿದವರ ನೆನಪುಗಳು ಕನ್ನಡದಲ್ಲೂ ಬರಲಿ ಎಂಬುದು ನನ್ನ ಆಸೆ.