ಆದಯ್ಯನ ಕಥೆಯೂ ಅದರ ಓದುಗರೂ

ಪ್ರಣಯ, ಪ್ರತಿಜ್ಞೆ, ಪವಾಡಗಳು ಒಂದೇ ಕಥೆಯಲ್ಲಿ ಬೆಸೆದುಕೊಂಡು, ಆ ಕಥೆಗೆ ನಿಜವಾದ ಊರೂ ಇಂದಿಗೂ ನಿಂತಿರುವ ಗುಡಿಯೂ ಸಾಕ್ಷಿಯಾಗಿ ಒದಗಿದಲ್ಲಿ, ಓದುಗರು ಏಕಾಭಿಪ್ರಾಯಕ್ಕೆ ಬರುವುದು ದುರ್ಲಭ. ಗದಗಿನಿಂದ ಸುಮಾರು 40 ಕಿಲೋಮೀಟರು ದೂರದ ಲಕ್ಷ್ಮೇಶ್ವರಕ್ಕೆ ಅಂಥದೊಂದು ಕಥೆ ಅಂಟಿಕೊಂಡಿದೆ. ತನ್ನ ಕಾವ್ಯದ ತಿರುಳ್ಗನ್ನಡವು ಯಾವ ಊರಿನದೆಂದು ಪಂಪನು ಅಭಿಮಾನದಿಂದ ಹೇಳಿಕೊಂಡನೋ ಆ ಪುಲಿಗೆರೆಯೇ ಈ ಲಕ್ಷ್ಮೇಶ್ವರ.

ಸೌರಾಷ್ಟ್ರದ ಶೈವ ವರ್ತಕನಾದ ಆದಯ್ಯನು ವ್ಯಾಪಾರಾರ್ಥವಾಗಿ ಪುಲಿಗೆರೆಗೆ ಬಂದು, ಜೈನ ಮನೆತನದ ಪದ್ಮಾವತಿಗೆ ಮನಸೋತು, ಆಕೆ ಶಿವದೀಕ್ಷೆ ಪಡೆದ ಬಳಿಕ ಕೈಹಿಡಿದು, ಅಲ್ಲಿಯೇ ನೆಲಸಿದನು. ಶಿವಭಕ್ತರಿಗೆಂದು ಸಿದ್ಧವಾದ ಅಡುಗೆಯನ್ನು ಅತ್ತೆಮಾವಂದಿರ ಕಡೆಯವರು ಜೈನ ಮುನಿಗಳಿಗೆ ನೀಡಿದುದೇ ಕಲಹಕ್ಕೆ ಮೂಲವಾಯಿತು. ಮಾತಿಗೆ ಮಾತು ಬೆಳೆದು, ಸೌರಾಷ್ಟ್ರದ ಸೋಮನಾಥನನ್ನೇ ತಂದು ಊರಿನ ಸುರಹೊನ್ನೆ ಬಸದಿಯಲ್ಲಿ ನಿಲಿಸುವೆನೆಂದು ಆದಯ್ಯನು ಪಣತೊಟ್ಟು ಹೊರಟನು. ಶಿವನು ವೃದ್ಧನ ವೇಷದಿಂದ ದಾರಿಯಲ್ಲಿಯೇ ಎದುರಾದನು. ಜಿನಬಿಂಬವಿದ್ದ ಎಡೆಯಲ್ಲಿ ಸೋಮನಾಥನು ಮೂಡಿದನು. ಹರಿಹರನು ಇದನ್ನು ರಗಳೆಯಲ್ಲಿ ಹಾಡಿದನು. ಅವನ ಸೋದರಳಿಯನಾದ ರಾಘವಾಂಕನು ‘ಸೋಮನಾಥ ಚರಿತೆ’ಯೆಂಬ ಹೆಸರಿನಿಂದ ವಾರ್ಧಕ ಷಟ್ಪದಿಯಲ್ಲಿ ವಿಸ್ತರಿಸಿದನು.

ಈ ಕಥೆಯನ್ನು ಕುರಿತ ಅತ್ಯಂತ ಹಳೆಯ ಅಭಿಪ್ರಾಯಗಳಲ್ಲೊಂದು ಕಲ್ಲಿನ ಮೇಲೆ ಪರೋಕ್ಷವಾಗಿ ಉಳಿದಿದೆಯೆಂದು ನನ್ನ ಎಣಿಕೆ. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ, ಸುಮಾರು 1200ರ ಶಾಸನವೊಂದು, ಏಕಾಂತದ ರಾಮಯ್ಯನು ಪುಲಿಗೆರೆಯ ಸೋಮನಾಥನ ಅಪ್ಪಣೆಯನ್ನು ಪಡೆದೇ ಅಬ್ಬಲೂರಿಗೆ ತೆರಳಿ, ಜೈನರೆದುರು ತನ್ನ ತಲೆಯನ್ನರಿದು ಮರಳಿ ಪಡೆದನೆಂದು ನಿರೂಪಿಸುವುದು. ಅಂದರೆ ಹರಿಹರನ ಕಾಲಕ್ಕೇ ಈ ಸೀಮೆಯ ಜನರು ಪುಲಿಗೆರೆಯ ದೇವರನ್ನು ಮಾತನಾಡುವ, ಆಜ್ಞಾಪಿಸುವ ದೇವರೆಂದು ಒಪ್ಪಿಕೊಂಡಿದ್ದರು. ಅವರಿಗೆ ಪವಾಡವೇ ಕಥೆಯ ಮುಖ್ಯಾಂಶ, ಪ್ರಣಯವು ಅದಕ್ಕೆ ಪೀಠಿಕೆ ಮಾತ್ರ. ಶ್ರಾವಣಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ಹಚ್ಚಿಸಿ, ಶಾಸ್ತ್ರಿಗಳ ವಿವರಣೆಯನ್ನೂ ಗವಾಯಿಗಳ ಹಾಡನ್ನೂ ಸರಿರಾತ್ರಿಯವರೆಗೆ ಕೇಳುವ ಗದಗ, ಶಿರಹಟ್ಟಿ, ಮುಂಡರಗಿಯ ಕಡೆಯ ಶ್ರೋತೃಗಳ ರುಚಿಯೂ ಬಹುಮಟ್ಟಿಗೆ ಇದೇ. ಪವಾಡದ ಪ್ರಸಂಗವನ್ನು ಶಾಸ್ತ್ರಿಗಳು ಬೇಗನೆ ಮುಗಿಸಿದರೆ ಅವರಿಗೆ ಸಮಾಧಾನವಿಲ್ಲ.

ಎರಡನೆಯ ಬಗೆಯ ಓದುಗರು ಶಾಸನಗಳನ್ನು ಕೈಯಲ್ಲಿ ಹಿಡಿದು ಬಂದವರು. ಲಕ್ಷ್ಮೇಶ್ವರದ ಶಾಸನಗಳನ್ನು ಫ್ಲೀಟ್ ಮಹಾಶಯರು 1878ರ ಸುಮಾರಿಗೆ ಪ್ರಕಟಿಸಿದ ಮೇಲೆ, ಬಾದಾಮಿ ಚಾಲುಕ್ಯರ ಹೆಸರಿನ ದತ್ತಿಗಳು, ಗಂಗ ಮಾರಸಿಂಹನ 968ರ ದತ್ತಿ ಮೊದಲಾದವು ಬೆಳಕಿಗೆ ಬಂದು, ಈ ಊರು ಶತಮಾನಗಳ ಕಾಲ ಎಂತಹ ಸಮೃದ್ಧವಾದ ಜೈನಕೇಂದ್ರವಾಗಿದ್ದಿತೆಂಬುದು ಸ್ಪಷ್ಟವಾಯಿತು. ಶಂಖ ಬಸದಿಯೊಳಗಿನ ಸಹಸ್ರಕೂಟವನ್ನು, ಬೆರಳುದ್ದದ ಜಿನಬಿಂಬಗಳು ಸಾಲುಸಾಲಾಗಿ ಮೈತುಂಬಿಕೊಂಡಿರುವ ಆ ಕಲ್ಲನ್ನು, ಕಂಡವನಿಗೆ ಆದಯ್ಯನ ಕಥೆಯು ಬೇರೆಯೇ ದನಿಯಿಂದ ಕೇಳಿಸುವುದು. ದೇವರ ಪವಾಡವೆಂದು ಕವಿ ಹೇಳಿದುದನ್ನು ಈ ಓದುಗರು ಒಂದು ಮತವು ಮತ್ತೊಂದರ ಸ್ಥಾನವನ್ನು ಆಕ್ರಮಿಸಿದ ಘಟನೆಯ ಮುಸುಕೆಂದು ಭಾವಿಸುವರು. ಅವರ ಶಂಕೆ ನಿರಾಧಾರವಲ್ಲ. ಆದರೆ ಕಾವ್ಯವನ್ನು ಪಂಚನಾಮೆಯಂತೆ ಓದುವುದರಲ್ಲಿಯೂ ದೋಷವಿದೆ: ಬಸದಿಯು ಹಾಳಾಯಿತೆಂದು ಕವಿ ಹಾಡಿದ ಊರಿನಲ್ಲಿಯೇ ಶಂಖ ಬಸದಿ ಇಂದಿಗೂ ನಿಂತಿರುವುದನ್ನು ಅವರೂ ಲೆಕ್ಕಕ್ಕೆ ಹಿಡಿಯಬೇಕಾಗುವುದು.

1026ರಲ್ಲಿ ಘಜನಿಯ ಮಹಮೂದನಿಂದ ಭಂಗಹೊಂದಿದ ಸೋಮನಾಥನು ಕನ್ನಡನಾಡಿಗೆ ತಾನಾಗಿ ನಡೆದುಬಂದನೆಂಬ ಕಥೆಯಲ್ಲಿ ಆ ದೂರದ ನೋವಿನ ನೆನಪನ್ನು ಹುಡುಕುವ ಆಸೆ ಯಾರಿಗಾದರೂ ಆದೀತು. ನನಗೆ ಮಾತ್ರ ಸೌರಾಷ್ಟ್ರದ ವರ್ತಕರು ತಮ್ಮ ಸರಕಿನೊಡನೆ ಕುಲದೈವವನ್ನೂ ತಂದರೆಂಬ ಸಾದಾ ಊಹೆಯೇ ಹೆಚ್ಚು ಹಿಡಿಸುವುದು. ‘ಸೌರಾಷ್ಟ್ರ ಸೋಮೇಶ್ವರ’ ಎಂಬ ಅಂಕಿತದಲ್ಲಿ ಆದಯ್ಯನವೆನ್ನಲಾದ ನಾನೂರರಷ್ಟು ವಚನಗಳು ದೊರೆತಿವೆ. ಅವುಗಳಲ್ಲಿ ಎದ್ದು ಕಾಣುವವನು ಪ್ರತಿಜ್ಞೆಯ ವೀರನಿಗಿಂತ ಹೆಚ್ಚಾಗಿ ತತ್ತ್ವಚಿಂತಕನೇ. ರಗಳೆಯ ಆದಯ್ಯನನ್ನು ಮೊದಲು ಓದಿ ಬಂದವರು ಇಲ್ಲಿ ತುಸು ನಿರಾಶರಾಗುವುದುಂಟು.

ಸೋಮೇಶ್ವರ ಗುಡಿಯ ಗರ್ಭಗೃಹದಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಜೊತೆಯಾಗಿ ಕುಳಿತಿರುವರು. ಲಿಂಗವನ್ನು ನಿರೀಕ್ಷಿಸಿ ಒಳಹೊಕ್ಕ ಯಾತ್ರಿಕನಿಗೆ ಇದು ಅಚ್ಚರಿ. ಪ್ರಯಾಣಕ್ಕೆ ಹೊರಟ ದಂಪತಿಗಳ ಈ ಮೂರ್ತಿಯನ್ನು ನೋಡಿದ ಭಕ್ತರಿಗೆ ದೇವರು ದೂರದಿಂದ ಬಂದನೆಂಬ ಕಥೆಯಲ್ಲಿ ಅಸಂಭವವೇನೂ ತೋರದಿದ್ದರೆ ತಪ್ಪಿಲ್ಲ.

ಮೂರನೆಯವರು ಪ್ರಣಯಪ್ರಿಯರು. ಹರಿಹರನ ಲೇಖನಿ ನಲ್ಲನಲ್ಲೆಯರ ನೋಟದಲ್ಲಿ ನಲಿಯುವಷ್ಟು ವಾಗ್ವಾದದಲ್ಲಿ ನಲಿಯುವುದಿಲ್ಲವೆಂದು ಇವರ ಮತ. ನಾನು ಇವರ ಪಕ್ಷದವನೇ ಆದರೂ, ಕಾವ್ಯದ ಜೀವಾಳವಿರುವುದು ಪ್ರೇಮದಲ್ಲೂ ಅಲ್ಲ, ಪವಾಡದಲ್ಲೂ ಅಲ್ಲ, ಆ ಅಡುಗೆಯ ಜಗಳದಲ್ಲಿ ಎಂದು ಹೇಳಬಯಸುವೆನು. ಎರಡು ಮತಗಳು ರಾಜಸಭೆಯಲ್ಲಿ ಸೆಣಸುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದೇ ಒಲೆಯ ಅನ್ನ ಯಾರ ಎಡೆಗೆ ಬೀಳಬೇಕೆಂಬಲ್ಲಿ ಸೆಣಸುವ ಕಥೆ ವಿರಳ. ಆ ಮನೆಯಲ್ಲಿ ಪದ್ಮಾವತಿಯು ಒಂದು ಕಡೆಗೆ ಮಗಳು, ಇನ್ನೊಂದು ಕಡೆಗೆ ಮಡದಿ. ಸೋಮನಾಥನು ಬಂದನೋ ಬರಲಿಲ್ಲವೋ ಎಂದು ಚರ್ಚಿಸುವ ಪಂಡಿತರಿಗೆ, ಅವನು ಬಂದ ಮರುದಿನ ಆಕೆ ತನ್ನ ತಾಯಿಗೆ ಹೇಗೆ ಮುಖ ತೋರಿಸಿದಳೆಂದು ಕೇಳಬೇಕೆನಿಸುವುದು ಅಪರೂಪ.