ಕಿವಿಯೂ ಲೆಕ್ಕವೂ: ಸೋರುವ ನೀರನ್ನು ಹಿಡಿಯುವ ವಿದ್ಯೆ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ತಟ್ಟೆಯಗಲದ ತೇವ ಕಾಣಿಸಿಕೊಂಡಾಗ ಮೂವರು ಪ್ಲಂಬರುಗಳು ಮೂರು ಕಡೆ ಗೋಡೆ ಒಡೆದರು. ಮೂರು ಕಡೆಯೂ ಪೈಪು ಗಟ್ಟಿಯಾಗಿಯೇ ಇತ್ತು. ನಾಲ್ಕನೆಯವರು ವಯಸ್ಸಾದವರು. ಚೀಲದಿಂದ ಉಳಿ, ಸುತ್ತಿಗೆ ತೆಗೆಯಲೇ ಇಲ್ಲ. "ಇವತ್ತು ರಾತ್ರಿ ಯಾರೂ ನಲ್ಲಿ ಮುಟ್ಟಬೇಡಿ ಸಾರ್" ಎಂದವರೇ ಮಹಡಿ ಹತ್ತಿ, ನಮ್ಮ ಪಾಲಿನ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಬಿಟ್ಟು, ನೀರು ನಿಂತ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೋದರು. ಬೆಳಿಗ್ಗೆ ನೋಡಿದರೆ ನೀರು ಎರಡು ಬೆರಳು ಕೆಳಗೆ. ಆಮೇಲೆ ಒಂದೊಂದೇ ವಾಲ್ವ್ ಮುಚ್ಚಿ ತೆಗೆಯುತ್ತ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಜಿಐ ಪೈಪಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕೇಳುತ್ತ ನಡೆದರು. ತೇವವಿದ್ದ ಜಾಗದಿಂದ ಐದಡಿ ಆಚೆ, ಬಚ್ಚಲುಮನೆಯ ಮೂಲೆಯಲ್ಲಿ ನಿಂತರು. ಅವರು ಒಡೆದದ್ದು ಒಂದೇ ಟೈಲು.

ಆ ಹಿರಿಯರು ಮಾಡಿದ್ದು ಎರಡು ಕೆಲಸ. ನೀರು ಹೋಗುತ್ತಿದೆಯೇ ಎಂಬುದನ್ನು ಲೆಕ್ಕ ಹೇಳಿತು, ಎಲ್ಲಿ ಹೋಗುತ್ತಿದೆ ಎಂಬುದನ್ನು ಕಿವಿ ಹೇಳಿತು. ಸೋರಿಕೆ ಪತ್ತೆಯ ವಿದ್ಯೆ ಶತಮಾನಗಳಿಂದ ಈ ಎರಡು ಕಾಲಿನ ಮೇಲೆಯೇ ನಡೆದುಕೊಂಡು ಬಂದಿದೆ. ಮನೆಗೊಂದು ಸೋರಿಕೆ ಪತ್ತೆ ಸಾಧನ ಬೇಕೆಂದು ಹೊರಟವರು ಮೋಸಹೋಗುವುದೂ ಕೊಂಡದ್ದು ಲೆಕ್ಕದ ಸಾಧನವೋ ಕಿವಿಯ ಸಾಧನವೋ ತಿಳಿಯದೆ.

ರೋಮಿನ ಲೆಕ್ಕ, ಲಿವರ್‌ಪೂಲಿನ ರಾತ್ರಿ

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರಿನ ಮೇಲ್ವಿಚಾರಕನಾಗಿ ಬಂದ ಫ್ರಾಂಟಿನಸ್ ಮೊದಲು ಮಾಡಿದ್ದು ಅಳತೆ. ಕಾಲುವೆಗಳ ಮೂಲದಲ್ಲಿ ಎಷ್ಟು ನೀರು ಒಳಬರುತ್ತದೆ, ಊರಿನಲ್ಲಿ ಎಷ್ಟು ಹಂಚಿಕೆಯಾಗುತ್ತದೆ ಎಂದು ಎರಡನ್ನೂ ಅಳೆಸಿ ಪಕ್ಕಪಕ್ಕ ಇಟ್ಟ. ತಾಳೆಯಾಗಲಿಲ್ಲ. ಹುಡುಕಿದಾಗ ಸೋರಿಕೆಯ ಜೊತೆಗೆ, ಬೀದಿಗಳ ಅಡಿಯಲ್ಲಿ ಕಳ್ಳತನದಿಂದ ಜೋಡಿಸಿದ್ದ ಸೀಸದ ಕೊಳವೆಗಳೂ ಸಿಕ್ಕವು. ಇಂದಿನ ಜಲಮಂಡಳಿಗಳು 'ಲೆಕ್ಕಕ್ಕೆ ಸಿಗದ ನೀರು' ಎನ್ನುವುದರಲ್ಲಿಯೂ ಸೋರಿಕೆ, ಕಳವು ಎರಡೂ ಸೇರಿರುತ್ತವೆ.

ನಮ್ಮಲ್ಲಿ ಈ ಕೆಲಸ ನೀರುಗಂಟಿಯದಾಗಿತ್ತು. ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದವನೇ ಏರಿಯ ಮೇಲೂ ಕಣ್ಣಿಟ್ಟಿರುತ್ತಿದ್ದ. ಬೇಸಿಗೆಯಲ್ಲಿ ಏರಿಯ ಹೊರಮೈಯ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಒಳಗೆಲ್ಲೋ ನೀರು ದಾರಿ ಮಾಡಿಕೊಂಡಿದೆ ಎಂದೇ ಅರ್ಥ.

ಕೊಳವೆ ಮಣ್ಣಿನಡಿ ಹೋದ ಮೇಲೆ ಕಣ್ಣಿಗೆ ಕೆಲಸ ಕಡಿಮೆಯಾಯಿತು. ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲಿನಲ್ಲಿ ನೀರು ಸಾಲದೆ ದಿನದಲ್ಲಿ ಕೆಲವೇ ಗಂಟೆ ಬಿಡುತ್ತಿದ್ದರು. ಅಲ್ಲಿನ ಎಂಜಿನಿಯರ್ ಜಾರ್ಜ್ ಡೀಕನ್ 1873ರಲ್ಲಿ ಒಂದು ಮೀಟರು ರೂಪಿಸಿದ. ಒಂದು ಬಡಾವಣೆಗೆ ಹೋಗುವ ಕೊಳವೆಗೆ ಅದನ್ನು ಕೂರಿಸಿದರೆ, ಹರಿವಿನ ಏರಿಳಿತವನ್ನು ತಿರುಗುವ ಉರುಳೆಯ ಮೇಲಿನ ಕಾಗದಕ್ಕೆ ಪೆನ್ಸಿಲು ತಾನೇ ಗೀಚುತ್ತ ಹೋಗುತ್ತಿತ್ತು. ಊರು ಮಲಗಿದ ಹೊತ್ತಿನಲ್ಲೂ ಗೆರೆ ಕೆಳಗಿಳಿಯದಿದ್ದರೆ ಅಷ್ಟು ನೀರು ಪೋಲು. ಆಗ ಇನ್‌ಸ್ಪೆಕ್ಟರುಗಳು ರಾತ್ರಿಯೇ ಬೀದಿಗಿಳಿದು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಗೇ ಕಿವಿಯಿಟ್ಟು ಮನೆಮನೆಯ ಕವಲನ್ನೂ ಕೇಳುತ್ತಿದ್ದರು. ಹೀಗೆ ಪೋಲು ತಗ್ಗಿದ ಮೇಲೆ ಇದ್ದ ನೀರಿನಲ್ಲೇ ದಿನವಿಡೀ ಪೂರೈಕೆ ಸಾಧ್ಯವಾಯಿತು. ನಮ್ಮ ಪ್ಲಂಬರ್ ನಮ್ಮ ಮನೆಯಲ್ಲಿ ಮಾಡಿದ್ದೂ ಇದನ್ನೇ. ಅವರ ಬಳಿ ಉರುಳೆಯ ಬದಲು ಬಿದಿರು ಕಡ್ಡಿ ಇತ್ತು.

ಯಂತ್ರಕ್ಕೆ ಬಂದ ಕಿವಿ

ಒತ್ತಡದ ನೀರು ಸಣ್ಣ ರಂಧ್ರದಿಂದ ನುಗ್ಗುವಾಗ ಸಿಳ್ಳಿನಂಥ ಸದ್ದು ಹುಟ್ಟಿ ಕೊಳವೆಯ ಉದ್ದಕ್ಕೂ ಹರಡುತ್ತದೆ. ಅದನ್ನು ಕೇಳಲು ಮೊದಲು ಕೋಲು, ಆಮೇಲೆ ನೆಲದ ಮೇಲಿಡುವ ಮೈಕು ಬಂದವು. ದೊಡ್ಡ ಜಿಗಿತವಾದದ್ದು 1970ರ ದಶಕದಲ್ಲಿ, ಬ್ರಿಟನ್ನಿನಲ್ಲಿ ಬೆಳೆದ ಕೋರಿಲೇಟರ್‌ನಿಂದ. ಇದರ ಯುಕ್ತಿ ಸರಳ. ಕೊಳವೆಯ ಎರಡು ವಾಲ್ವುಗಳ ಮೇಲೆ ಎರಡು ಮೈಕು ಇಡುತ್ತಾರೆ. ನಡುವಿನ ಅಂತರ 100 ಮೀಟರ್ ಎನ್ನಿ. ಲೋಹದ ಕೊಳವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,200 ಮೀಟರ್ ಓಡುತ್ತದೆ. ಒಂದು ಮೈಕಿಗೆ ಸದ್ದು 0.02 ಸೆಕೆಂಡು ಮೊದಲು ತಲುಪಿದರೆ ಎರಡು ಬದಿಯ ದೂರದಲ್ಲಿ 24 ಮೀಟರ್ ವ್ಯತ್ಯಾಸವಿದೆ. ನೂರರಲ್ಲಿ ಇಪ್ಪತ್ತನಾಲ್ಕು ಕಳೆದು ಅರ್ಧ ಮಾಡಿದರೆ, ಸೋರಿಕೆ ಹತ್ತಿರದ ಮೈಕಿನಿಂದ 38ನೇ ಮೀಟರಿನಲ್ಲಿ. ರಸ್ತೆಯುದ್ದಕ್ಕೂ ಅಗೆಯುವ ಕಡೆ ಒಂದೇ ಗುಂಡಿ ಸಾಕು.

ಯಂತ್ರ ಬಂದ ಮೇಲೂ ಮನುಷ್ಯನ ಕಿವಿಯನ್ನು ಬಿಡದ ಊರು ಟೋಕಿಯೊ. 1945ರಲ್ಲಿ, ಯುದ್ಧದ ಹಾನಿಯಿಂದ, ಅಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು ಸೋರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಮೂರರ ಆಸುಪಾಸಿಗೆ ಇಳಿದಿದೆ. ಮನೆಮನೆಗೆ ಹೋಗುವ ಕವಲುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಿದ್ದು ಇದಕ್ಕೊಂದು ಕಾರಣ, ಕೇಳುಕೋಲು ಹಿಡಿದು ರಾತ್ರಿ ಬೀದಿ ಸುತ್ತುವ ತರಬೇತಾದ ಸಿಬ್ಬಂದಿ ಇನ್ನೊಂದು.

ಈ ಕಿವಿಗೆ ಮಂಕು ಕವಿಸಿದ್ದು ಪ್ಲಾಸ್ಟಿಕ್. ಪಿವಿಸಿ, ಸಿಪಿವಿಸಿ, ಎಚ್‌ಡಿಪಿಇ ಕೊಳವೆಗಳು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಸದ್ದನ್ನು ನುಂಗಿಬಿಡುತ್ತವೆ. ಅವುಗಳಲ್ಲಿ ಸದ್ದು ನಿಧಾನ, ಮಂದ್ರ, ಸ್ವಲ್ಪ ದೂರಕ್ಕೇ ಕ್ಷೀಣ. ಅದಕ್ಕೇ ಗಾಳಿಯ ಮೊರೆಹೋದರು. ನೀರು ಖಾಲಿ ಮಾಡಿದ ಕೊಳವೆಗೆ ನೂರಕ್ಕೆ ಐದು ಪಾಲು ಹೈಡ್ರೋಜನ್, ಉಳಿದದ್ದು ನೈಟ್ರೋಜನ್ ಇರುವ ಮಿಶ್ರಣ ತುಂಬಿಸಿದರೆ, ಹಗುರಾದ ಹೈಡ್ರೋಜನ್ ಬಿರುಕಿನಿಂದ ನುಸುಳಿ ಟೈಲಿನ ಸಂದಿಗಳ ಮೂಲಕ ಮೇಲೆ ಬರುತ್ತದೆ. ಮೂಸುವ ಸಾಧನ ಅದನ್ನು ಹಿಡಿಯುತ್ತದೆ. ಇಷ್ಟು ತೆಳುವಾದ ಮಿಶ್ರಣಕ್ಕೆ ಬೆಂಕಿ ಹತ್ತುವ ಭಯವಿಲ್ಲ. ಇನ್ನು ಥರ್ಮಲ್ ಕ್ಯಾಮೆರಾ ನೀರನ್ನೇನೂ ನೋಡುವುದಿಲ್ಲ, ಮೇಲ್ಮೈಯ ತಾಪವನ್ನು ನೋಡುತ್ತದೆ. ಗೀಸರಿನ ಬಿಸಿನೀರಿನ ಲೈನು ಸೋರಿದರೆ ಚೆನ್ನಾಗಿ ತೋರಿಸುತ್ತದೆ, ತಣ್ಣೀರಿನ ಲೈನಿನಲ್ಲಿ ಊಹೆಗೆ ದಾರಿ ಮಾಡುತ್ತದೆ.

ಲೆಕ್ಕ ಮತ್ತೆ ಮುಂದೆ

1980ರ ದಶಕದ ಹೊತ್ತಿಗೆ ಡೀಕನ್ನನ ಉಪಾಯವನ್ನೇ ಬ್ರಿಟನ್ ದೊಡ್ಡದಾಗಿ ಹರಡಿತು. ನಗರದ ಕೊಳವೆಜಾಲವನ್ನು ಸಣ್ಣ ಸಣ್ಣ ವಲಯಗಳಾಗಿ ಕಡಿದು, ಪ್ರತಿ ವಲಯದ ಬಾಗಿಲಿಗೊಂದು ಮೀಟರು ಇಟ್ಟು, ನಡುರಾತ್ರಿ ಕಳೆದ ಮೇಲಿನ ಎರಡು ಮೂರು ಗಂಟೆಯ ಹರಿವನ್ನು ದಿನವೂ ಗಮನಿಸುವ ಪದ್ಧತಿ ಅದು. 2000ದಲ್ಲಿ ಅಂತರರಾಷ್ಟ್ರೀಯ ಜಲ ಸಂಘ ನೀರಿನ ಜಮಾಖರ್ಚಿಗೆ ಒಂದೇ ನಮೂನೆ ಕೊಟ್ಟ ಮೇಲೆ ಊರೂರುಗಳ ಅಂಕಿಗಳನ್ನು ಹೋಲಿಸುವುದು ಸುಲಭವಾಯಿತು. ಈಗ ಉಪಗ್ರಹದ ರಾಡಾರಿನಿಂದಲೂ ನೆಲದಡಿಯ ತೇವವನ್ನು ಗುರುತಿಸುತ್ತಾರೆ. ಅದು ತೋರಿಸುವುದು ಅನುಮಾನದ ಬೀದಿಯನ್ನಷ್ಟೆ. ಗುಂಡಿ ಎಲ್ಲಿ ತೋಡಬೇಕೆಂದು ಹೇಳಲು ಕೋಲು ಹಿಡಿದವರೇ ಹೋಗಬೇಕು.

ಕರ್ನಾಟಕಕ್ಕೆ ಈ ವಲಯವಾರು ಲೆಕ್ಕ ಬೇರೆ ವೇಷದಲ್ಲಿ ಬಂತು. ವಿಶ್ವ ಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಯಿತು. ಹೊಸ ಕೊಳವೆಜಾಲ, ಮನೆಮನೆಗೆ ಮೀಟರು, ವಲಯವಾರು ಲೆಕ್ಕ ಇವೇ ಅದರ ತಳಹದಿ. ಬೆಂಗಳೂರಿನ ಕಥೆ ಇನ್ನೂ ತುಟ್ಟಿ. 1974ರಲ್ಲಿ ಮೊದಲ ಹಂತದಿಂದ ತೊಡಗಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ, ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತದವರೆಗೆ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಹಾಗೆ ಬಂದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು ಜಲಮಂಡಳಿಯೇ ಹೇಳಿಕೊಂಡು ಬಂದಿದೆ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಪತ್ತೆ ಕೆಲಸವೂ ಕಷ್ಟ. ಕೊಳವೆಯಲ್ಲಿ ಒತ್ತಡವಿದ್ದಾಗ ಮಾತ್ರ ಸೋರಿಕೆ ಸದ್ದು ಮಾಡುತ್ತದೆ, ಒತ್ತಡವಿಲ್ಲದಾಗ ಅದೇ ರಂಧ್ರ ಹೊರಗಿನ ಕೊಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ.

ವಿದ್ಯೆ ಮನೆಯೊಳಗೆ ಬಂತು

ಕಟ್ಟಡದೊಳಗೆ ಮೊದಲು ಎಚ್ಚರಾದವರು ಕಂಪ್ಯೂಟರ್ ಕೊಠಡಿಗಳವರು. ಎತ್ತರಿಸಿದ ನೆಲದಡಿ ಎಸಿಯ ನೀರು ಹರಿದರೆ ಆಗುವ ನಷ್ಟಕ್ಕೆ ಹೆದರಿ ಸಂವೇದಿ ಕೇಬಲ್ ಹಾಸತೊಡಗಿದರು. ಅದರ ಎರಡು ತಂತಿಗಳ ನಡುವೆ ನೀರು ಸೇತುವೆ ಕಟ್ಟಿದೊಡನೆ ಗಂಟೆ ಬಾರಿಸುತ್ತದೆ. ಅದರ ತಮ್ಮಂದಿರೇ ಇಂದು ವಾಷಿಂಗ್ ಮಷೀನಿನಡಿ ಇಡುವ ಬ್ಯಾಟರಿ ಬಿಲ್ಲೆಗಳು.

2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಫ್ರೋಲಿಕ್, ಶ್ವೇತಕ್ ಪಟೇಲ್ ಮತ್ತು ಸಂಗಡಿಗರು 'ಹೈಡ್ರೋಸೆನ್ಸ್' ಎಂಬ ಪ್ರಯೋಗ ಪ್ರಕಟಿಸಿದರು. ಯಾವ ನಲ್ಲಿ ತಿರುಗಿಸಿದರೂ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಏಳುತ್ತದೆ, ಪ್ರತಿ ನಲ್ಲಿಯ ಅಲೆಗೂ ಅದರದೇ ಚಹರೆ ಇರುತ್ತದೆ, ಒಂದೇ ಕಡೆ ಕೂರಿಸಿದ ಒತ್ತಡಮಾಪಕ ಇಡೀ ಮನೆಯ ನಲ್ಲಿಗಳನ್ನು ಗುರುತಿಸಬಲ್ಲದು. 2016ರಲ್ಲಿ ಬೆಲ್ಕಿನ್ ಮತ್ತು ಯೂಪೊನಾರ್ ಸೇರಿ ಕಟ್ಟಿದ 'ಫಿನ್' ಕಂಪನಿಯ ಸಾಧನವೂ ಒತ್ತಡದ ಈ ಭಾಷೆಯನ್ನೇ ಓದುತ್ತದೆ, ಅನುಮಾನ ಬಂದರೆ ತಾನೇ ವಾಲ್ವ್ ಮುಚ್ಚುತ್ತದೆ. ಚಳಿಗೆ ಪೈಪು ಒಡೆದು ಮರದ ಮನೆಗಳು ಕೊಳೆಯುವ ಅಮೆರಿಕದಲ್ಲಿ ವಿಮಾ ಕಂಪನಿಗಳಿಗೂ ಇದು ಹಿಡಿಸಿತು. ಬ್ರಿಟನ್ನಿನ ಹಸಿರು ಕಟ್ಟಡ ಮಾಪನ 'ಬ್ರೀಮ್' ಸೋರಿಕೆ ಪತ್ತೆ ವ್ಯವಸ್ಥೆಗೆಂದೇ ಅಂಕ ಕೊಡುತ್ತದೆ.

ನಮ್ಮ ಮನೆಗಳ ಏರ್ಪಾಡು ಬೇರೆ

ವಿದೇಶದ ಇಂಥ ಸಾಧನಗಳನ್ನು ತಂದು ಬೆಂಗಳೂರಿನ ಮನೆಗೆ ಜೋಡಿಸಿದರೆ ಕೆಲಸ ಕೆಡುವುದುಂಟು. ಅಲ್ಲಿ ಬೀದಿಯ ಕೊಳವೆಯ ಒತ್ತಡವೇ ನೇರ ನಲ್ಲಿಗೆ ಬರುತ್ತದೆ, ಮೂರು ನಾಲ್ಕು ಬಾರ್. ಇಲ್ಲಿ ನೀರು ಸಂಪಿಗೆ ಇಳಿದು, ಮೋಟರಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ, ತನ್ನ ಭಾರದಿಂದ ಇಳಿದು ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು ಒಂದು ಬಾರ್. ಮೇಲಿನ ಮಹಡಿಯವರಿಗೆ ಅದರ ಕಾಲು ಭಾಗವೂ ಕಷ್ಟ. ಹೆಚ್ಚಿನ ಒತ್ತಡಕ್ಕೆಂದು ಮಾಡಿದ ಯಂತ್ರ ಇಲ್ಲಿ ತಡವರಿಸುತ್ತದೆ.

ಹರಿವಿನ ಮೀಟರಿನ ಮಿತಿಯೂ ತಿಳಿದಿರಲಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 20ರಿಂದ 30 ಲೀಟರ್, ಅಂದರೆ ನಿಮಿಷಕ್ಕೆ ಮೂರ್ನಾಲ್ಕು ಟೀ ಚಮಚ. ಚಕ್ರ ತಿರುಗುವ ಅಗ್ಗದ ಸೆನ್ಸರಿಗೆ ಅಲುಗಾಡಲು ನಿಮಿಷಕ್ಕೆ ಒಂದು ಲೀಟರಾದರೂ ಬೇಕು. ಚಲಿಸುವ ಭಾಗವಿಲ್ಲದ ಅಲ್ಟ್ರಾಸಾನಿಕ್ ಮೀಟರು ಇದಕ್ಕಿಂತ ಸೂಕ್ಷ್ಮ, ಬೋರ್‌ವೆಲ್ ನೀರಿನ ಉಪ್ಪಿಗೂ ಅಷ್ಟು ಬೇಗ ಜಗ್ಗುವುದಿಲ್ಲ, ಬೆಲೆ ಮಾತ್ರ ಹೆಚ್ಚು.

ನಮ್ಮಲ್ಲಿರುವ ವರ ಎಂದರೆ ಟ್ಯಾಂಕೇ. ಒಂದು ಮೀಟರ್ ಅಗಲದ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಮಿಲಿಮೀಟರ್ ಇಳಿತವೆಂದರೆ ಸುಮಾರು 0.8 ಲೀಟರ್. ಮೀಟರಿಗೆ ಕಾಣದ ಆ ಹನಿ ಆರು ಗಂಟೆಯ ರಾತ್ರಿಯಲ್ಲಿ ಐದರಿಂದ ಏಳು ಲೀಟರಾಗಿ, ಮಟ್ಟವನ್ನು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಇಳಿಸುತ್ತದೆ. ನಮ್ಮ ಮನೆಗಳಿಗೆ ಮೊದಲು ಬೇಕಾದ ಸಾಧನ ರಾತ್ರಿಯ ಮಟ್ಟವನ್ನು ಬರೆದಿಡುವ ಲೆವೆಲ್ ಸೆನ್ಸರ್.

ಆಯ್ಕೆಗೆ ಮುಂಚೆ, ಅಳವಡಿಕೆಯ ಹೊತ್ತಿಗೆ

ಕೊಳ್ಳುವ ಮೊದಲು ಯಾವ ಸೋರಿಕೆ ಎಂದು ತಿಳಿಯಬೇಕು. ತೇವ ಹಗಲೂ ರಾತ್ರಿ ಒಂದೇ ಸಮ ಬೆಳೆಯುತ್ತಿದ್ದರೆ ನೀರಿನ ಲೈನು. ಸ್ನಾನವಾದ ಮೇಲೆ ಹೆಚ್ಚಾದರೆ ಕೊಳೆನೀರಿನ ಲೈನು ಇಲ್ಲವೇ ಬಚ್ಚಲಿನ ವಾಟರ್‌ಪ್ರೂಫಿಂಗ್. ಮಳೆಗೆ ಮಾತ್ರ ಕಂಡರೆ ತಾರಸಿ. ಲೆಕ್ಕದ ಸಾಧನ ಹಿಡಿಯುವುದು ಮೊದಲನೆಯದನ್ನು ಮಾತ್ರ. ಉಳಿದವಕ್ಕೆ ಹೊರಕಿಂಡಿ ಮುಚ್ಚಿ ಒಂದೆರಡು ದಿನ ನೀರು ಕಟ್ಟಿ ನೋಡುವ ಹಳೆಯ ಪರೀಕ್ಷೆಯೇ ಗತಿ. ಫ್ಲ್ಯಾಟುಗಳ ಬಚ್ಚಲಿನಡಿ ತಗ್ಗಿಸಿದ ಸ್ಲ್ಯಾಬಿಗೆ ಇಟ್ಟಿಗೆ ಚೂರು ತುಂಬಿರುತ್ತಾರೆ. ನೀರು ಅಲ್ಲಿ ತಿಂಗಳುಗಟ್ಟಲೆ ಮಡುಗಟ್ಟಿ, ಕೊನೆಗೆ ಕೆಳಮನೆಯವರ ಸೀಲಿಂಗಿನಲ್ಲಿ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ಕಮೋಡಿನ ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಬಣ್ಣ ಕೆಳಗಿಳಿದಿದ್ದರೆ ಅಲ್ಲಿಯೇ ಒಂದು ಮೌನ ಸೋರಿಕೆ ಇದೆ, ಯಂತ್ರದ ಖರ್ಚು ಉಳಿಯಿತು.

ಅಳವಡಿಸುವಾಗ ಮರೆಯಬಾರದವು ಕೆಲವೇ. ಮೀಟರಿನ ಮುಂದೆ ಜಾಲರಿಯ ಸ್ಟ್ರೈನರ್ ಇರಲಿ, ಪಕ್ಕದಲ್ಲಿ ಬೈಪಾಸ್ ಲೈನು ಇರಲಿ. ಮೋಟರ್ ಚಾಲಿತ ವಾಲ್ವನ್ನು ಟ್ಯಾಂಕಿನಿಂದ ಇಳಿಯುವ ಲೈನಿಗೆ ಹಾಕಿ. ಪಂಪಿನಿಂದ ಏರುವ ಲೈನಿಗೆ ಹಾಕಿದರೆ ಮುಚ್ಚಿದ ಬಾಗಿಲಿಗೆ ಪಂಪು ಗುದ್ದಾಡುತ್ತಿರುತ್ತದೆ. ಗಡಸು ನೀರಿಗೆ ವಾಲ್ವ್ ಕಚ್ಚಿಕೊಳ್ಳದಂತೆ ತಿಂಗಳಿಗೊಮ್ಮೆ ತಿರುಗಿಸಬೇಕು. ಸೋಲಾರ್ ಲೈನಿಗಾದರೆ ಬಿಸಿ ತಡೆಯುವ ವಾಲ್ವ್ ಬೇಕು. ಕರೆಂಟು ಹೋದಾಗಲೂ ನಡೆಯಲು ಬ್ಯಾಟರಿ ಬೇಕು. ನೆಲಮಾಳಿಗೆಯ ಸಂಪಿಗೆ, ಲಿಫ್ಟ್ ಗುಂಡಿಗೆ ವೈಫೈ ತಲುಪುವುದಿಲ್ಲ. ಅಪಾರ್ಟ್‌ಮೆಂಟುಗಳಿಗೆ 865–867 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ, ದೂರ ತಲುಪುವ ಲೋರಾ ರೇಡಿಯೊ ವಾಸಿ. ಒದ್ದೆ ಹಿಡಿಯುವ ಬಿಲ್ಲೆಗಳಿಗೆ ಜಾಗ ಸಿಂಕಿನಡಿ, ಆರ್‌ಒ ಫಿಲ್ಟರಿನಡಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯುತ್ ಮೀಟರುಗಳ ಕೋಣೆಯಲ್ಲಿ.

ಕಡೆಯದು ಎಚ್ಚರಿಕೆ ಯಾರಿಗೆ ಹೋಗಬೇಕೆಂಬುದು. ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಬಿದ್ದ ಸಂದೇಶಕ್ಕೆ ಯಾರೂ ಎದ್ದು ಬರುವುದಿಲ್ಲ. ಕಾವಲುಗಾರರ ಫೋನಿಗೇ ಬರಬೇಕು, ಯಾವ ವಾಲ್ವ್ ಎಲ್ಲಿದೆ ಎಂಬ ಹಾಳೆ ಅವರ ಮೇಜಿನ ಮೇಲಿರಬೇಕು, ಮುಚ್ಚುವ ಅಧಿಕಾರವೂ ಅವರಿಗಿರಬೇಕು.

ನಮ್ಮ ಟ್ಯಾಂಕಿಗೂ ಈಗ ಸೆನ್ಸರ್ ಬಂದಿದೆ. ಬೆಳಗಿನ ಕಾಫಿ ಹೊತ್ತಿಗೆ ರಾತ್ರಿಯ ಗೆರೆ ಫೋನಿನಲ್ಲಿ ಮೂಡುತ್ತದೆ. ಮೊನ್ನೆ ಅದು ನಾಲ್ಕು ಸೆಂಟಿಮೀಟರ್ ಇಳಿತ ತೋರಿಸಿದಾಗ ಬಣ್ಣದ ಪರೀಕ್ಷೆಯಿಂದ ಹಿಡಿದು ಎಲ್ಲ ಮಾಡಿ ನೋಡಿದೆ, ಏನೂ ಸಿಗಲಿಲ್ಲ. ಸೆನ್ಸರನ್ನೇ ಅನುಮಾನಿಸಿ, ಮೂಲೆಯಲ್ಲಿದ್ದ ಬಿದಿರು ಕಡ್ಡಿಯನ್ನು ಸಂಜೆ ಟ್ಯಾಂಕಿಗಿಳಿಸಿ ಗೆರೆ ಎಳೆದೆ. ಬೆಳಿಗ್ಗೆ ಕಡ್ಡಿಯೂ ನಾಲ್ಕೇ ಸೆಂಟಿಮೀಟರ್ ಎಂದಿತು. ಲೆಕ್ಕ ಮುಗಿದಿತ್ತು. ಆ ಹಿರಿಯರಿಗೆ ಫೋನು ಮಾಡಿದೆ.